ಕಡ್ಡಿ ಗೀರುವ ಕಾರಕೂನ

ಮೊದಲಿಗೆ ಕ್ಷಮೆ ಕೇಳುತ್ತೇನೆ. ಕಥೆ ಹೇಳುವುದು ನನ್ನ ಕೆಲಸವಲ್ಲ. ನಾನು ಪುರಸಭೆಯ ಕಿರಿಯ ಕಾರಕೂನ. ಓದಿದ್ದು ಭೀಮಸೇನ ಮಾಸ್ತರರ ಸಂಜೆ ಶಾಲೆಯಲ್ಲಿ, ಅದೂ ಹಗಲಿನ ಕೆಲಸ ಮುಗಿಸಿ ಬಂದು, ಅರ್ಧ ಪಾಠ ತೂಕಡಿಸುತ್ತ. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಊರಲ್ಲಿ ಇನ್ನೂರು ಮಂದಿಯಾದರೂ ಇದ್ದಾರೆ. ಆದರೆ ವಿಷಯ ಎತ್ತಿದ ಕೂಡಲೇ ಅವರೆಲ್ಲ ನಕ್ಕು ಬೇರೆ ಮಾತು ತೆಗೆಯುತ್ತಾರೆ. ನಲವತ್ತೇಳು ದಿನ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಕಡ್ಡಿ ಗೀರಿದವನು ನಾನೊಬ್ಬನೇ. ಆದ್ದರಿಂದ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಮ್ಮೂರಲ್ಲಿ ಒಂದೊಂದು ಸಲ ಬೆಂಕಿ ಹೋಗುತ್ತದೆ. ಹೇಳಿ ಹೋಗುವುದಿಲ್ಲ. ಹಿಂದಿನ ಸಲ ಹೋದದ್ದು ನನ್ನ ಅಜ್ಜಿ ಚಿಕ್ಕವಳಿದ್ದಾಗ. ಅವಳ ಪ್ರಕಾರ ಅದು ಒಂಬತ್ತು ದಿನ, ಅಜ್ಜನ ಪ್ರಕಾರ ಹತ್ತೊಂಬತ್ತು. ಈ ಸಲ ಹೋದದ್ದು ಒಂದು ಶನಿವಾರ ಬೆಳಿಗ್ಗೆ, ಮೀರಾಸಾಬನ ಚಹಾದಂಗಡಿಯಲ್ಲಿ ಮೊದಲ ಕಿಟ್ಲಿ ಕುದಿಯುವ ಮುನ್ನ. ಒಲೆ ಆರಿತು. ಅವನು ಊದಿದ, ಬೈದ, ಕಡ್ಡಿ ಗೀರಿದ. ಕಡ್ಡಿ ತಿಕ್ಕಿದ ಸದ್ದು ಮಾತ್ರ ಬಂತು. ಎದುರಿನ ಕುಲುಮೆಯಿಂದ ಕಮ್ಮಾರ ಹೊರಗೆ ಬಂದು ನಿಂತ. ಅವನ ಹಿಂದೆ ಬೇಕರಿಯವನು, ಅವನ ಹಿಂದೆ ಕುಂಬಾರರ ಹೆಣ್ಣುಮಕ್ಕಳು.

"ಹೋತೇನು?" ಎಂದ ಕಮ್ಮಾರ.

"ಹೋತು," ಎಂದ ಮೀರಾಸಾಬ. "ಚಹಾಪುಡಿ ಹಾಕಿದ ಮ್ಯಾಲೆ ಹೋತು ನೋಡು, ಮುಂಚೇನ ಹೋಗಬಾರದಿತ್ತ?"

ಊರ ಗಡಿಗಲ್ಲಿನ ಆಚೆಗೆ ಬೆಂಕಿ ಎಂದಿನಂತೆ ಉರಿಯುತ್ತದೆ. ಈಚೆಗೆ ಒಂದು ಹೆಜ್ಜೆ ತಂದರೂ ಕೆಂಡ ತಣ್ಣಗಾಗುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಜನ ಒಲೆಗುಂಡು, ಹಂಚು, ಹಿಟ್ಟಿನ ಡಬ್ಬಿ ಹೊತ್ತುಕೊಂಡು ಒಂದೂವರೆ ಮೈಲಿ ನಡೆದು ಗಡಿಗಲ್ಲಿನಾಚೆಯ ಬಯಲು ಸೇರಿದರು. ಸಂಜೆಗೆ ಅಲ್ಲಿ ಒಲೆಗಳ ಓಣಿಗಳೇ ಎದ್ದಿದ್ದವು.

ಅಡುಗೆಗೇನೋ ಬಯಲಿತ್ತು. ದುಡಿಮೆಗೆ ಇರಲಿಲ್ಲ. ಕುಲುಮೆ, ಕುಂಬಾರರ ಆವಿಗೆ, ಬೇಕರಿಯ ಭಟ್ಟಿ ಇವನ್ನು ಹೊತ್ತುಕೊಂಡು ನಡೆಯಲಾಗುವುದಿಲ್ಲ. ನಮ್ಮದು ಒಲೆಯ ಮೇಲೆ ಬದುಕುವ ಊರು. ಬೆಂಕಿ ನಿಂತರೆ ಗಳಿಕೆ ನಿಲ್ಲುತ್ತದೆ, ಗಳಿಕೆ ನಿಂತರೆ ತಿಂಗಳ ಮೊದಲನೇ ತಾರೀಖು ಬೇರೆಯೇ ಮುಖ ಹೊತ್ತು ಬರುತ್ತದೆ. ಇದಕ್ಕೆಂದು ಹಿರಿಯರು ಪುರಸಭೆಗೆ ಒಂದು ಅಧಿಕಾರ ಕೊಟ್ಟಿದ್ದರು: ಬೆಂಕಿ ಇಲ್ಲದ ಕಾಲದಲ್ಲಿ ಊರಿನ ಬಾಡಿಗೆಗಳನ್ನೆಲ್ಲ ತಡೆಯಬಹುದು. ಆ ದಿನಗಳ ಬಾಡಿಗೆ ಆಮೇಲೂ ಕೊಡಬೇಕಾಗಿಲ್ಲ. ಬೆಂಕಿ ಮರಳುವ ತನಕ ಯಾರೂ ಯಾರನ್ನೂ ಮನೆಯಿಂದ, ಮಳಿಗೆಯಿಂದ ಏಳಿಸುವಂತಿಲ್ಲ.

ಒಂಬತ್ತು ಸದಸ್ಯರ ಸಭೆ ಭಾನುವಾರವೇ ಸೇರಿತು. ಅಧ್ಯಕ್ಷೆ ಗೌರಾಬಾಯಿ ಹಳೆಯ ಕಡತದ ಧೂಳು ಸೆರಗಿನಿಂದ ಒರೆಸಿ ಓದಿದರು. ಮೊದಲು ಎದ್ದವರು ಅಡಿವೆಪ್ಪನವರು. ಪೇಟೆಯ ಹನ್ನೊಂದು ಮಳಿಗೆಗಳ ಒಡೆಯರು, ಸದಸ್ಯರೂ ಹೌದು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದ ಒಂದೇ ಶೋಕಿ ಗರಿಗರಿ ಬಿಳಿ ಅಂಗಿ.

"ಬೆಂಕಿ ನಮ್ಮ ಮನ್ಯಾಗೂ ಹೋಗೈತಿ," ಎಂದರು. "ನನ್ನ ಸಲುವಾಗಿ ಯಾರು ಏನು ತಡೀತೀರಿ?"

"ನಿಮಗ ಹನ್ನೊಂದು ಮಳಿಗಿ ಅದಾವ ಅಡಿವೆಪ್ಪನವರ," ಎಂದರು ಗೌರಾಬಾಯಿ. "ಅದರಾಗ ಇರಾವ್ರಿಗೆ ಒಂದೊಂದೇ ಒಲಿ."

ಐದು ಪರ, ನಾಲ್ಕು ವಿರೋಧ ಮತಗಳಲ್ಲಿ ಬಾಡಿಗೆ ನಿಂತಿತು. ಆದೇಶ ಬರೆಯುವ ಕೆಲಸ ನನಗೆ ಬಂತು. ಐದು ಕಲಮುಗಳು. ಐದನೆಯದು, ಕದ್ದು ಬಾಡಿಗೆ ಪಡೆಯುವ ಮಾಲೀಕರ ಬಗ್ಗೆ, ಹಳೆಯ ಕಡತದಲ್ಲಿ ಎಷ್ಟು ಸಿಕ್ಕಾಗಿತ್ತೆಂದರೆ ನಾನು ಅದನ್ನು ನಾಲ್ಕು ಸಲ ಬರೆದು ಹರಿದೆ. ಮೆಟ್ಟಿಲ ಮೇಲೆ ನಿಂತು ಓದುವಾಗ ಎರಡನೆಯ ಕಲಮಿಗೇ ಜನ ಚಪ್ಪಾಳೆ ತಟ್ಟಿ ಎದ್ದುಹೋದರು. ಐದನೆಯದನ್ನು ನಾನು ಖಾಲಿ ಅಂಗಳಕ್ಕೆ ಓದಿದೆ. ಓದದೆ ಬಿಡುವುದು ಸರಿಯಲ್ಲವಲ್ಲ.

ಬೆಂಕಿ ಮರಳಿತೆಂದು ಗೊತ್ತಾಗುವುದು ಹೇಗೆ ಎಂಬುದಕ್ಕೂ ಕಲಮಿತ್ತು. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ, ಪುರಸಭೆಯ ಮೆಟ್ಟಿಲ ಮೇಲೆ, ಪುರಸಭೆಯ ಕಡ್ಡಿಯನ್ನು, ಊರಲ್ಲಿ ಬಾಡಿಗೆ ಕೊಡದ, ಬಾಡಿಗೆ ಪಡೆಯದ ನೌಕರನೊಬ್ಬ ಸಾಕ್ಷಿಗಳೆದುರು ಗೀರಬೇಕು. ಹತ್ತಿದರೆ ಮರುದಿನದಿಂದ ಬಾಡಿಗೆ ಶುರು. ನನಗೆ ಮನೆಯಿಲ್ಲ. ಪುರಸಭೆಯ ಹಿಂದಿನ ಕಡತದ ಕೋಣೆಯಲ್ಲಿ ಮಲಗುತ್ತೇನೆ, ಅದಕ್ಕೆ ಬಾಡಿಗೆಯಿಲ್ಲ. ಹೀಗೆ ಏನೂ ಇಲ್ಲದಿದ್ದ ಕಾರಣಕ್ಕೇ ನಾನು ಆರಿಸಿ ಬಂದೆ. ಜೀವನದಲ್ಲಿ ಆರಿಸಿ ಬಂದದ್ದು ಅದೊಂದೇ ಸಲ.

ಕಡ್ಡಿಗಳನ್ನು ಯಾರೂ ಬದಲಾಯಿಸದಂತೆ ಮೊಹರು ಮಾಡಬೇಕಿತ್ತು. ಅರಗಿನಿಂದ ಮಾಡಬೇಕೆಂದು ಬರೆದಿತ್ತು. ಅರಗು ಕರಗಿಸಲು ಬೆಂಕಿ ಬೇಕು. ಸದಸ್ಯರು ಕಡತವನ್ನು ಕೈಯಿಂದ ಕೈಗೆ ದಾಟಿಸಿದರು. ಕಡೆಗೆ ಗೌರಾಬಾಯಿ, "ಜೇಡಿಮಣ್ಣು ಹಚ್ಚಿ ಮುಗಸ್ರಿ," ಎಂದರು. ಹನ್ನೆರಡು ಪೆಟ್ಟಿಗೆಗಳನ್ನು ಒಂದು ಮಣ್ಣಿನ ಗಡಿಗೆಯಲ್ಲಿಟ್ಟು, ಬಾಯಿಗೆ ಮುಚ್ಚಳವಿಟ್ಟು, ಸುತ್ತ ಮೆತ್ತಗೆ ಕಲಸಿದ ಮಣ್ಣು ಮೆತ್ತಿದೆ. ದಿನವೂ ಬೆಳಿಗ್ಗೆ ಒಡೆದು ಒಂದು ಕಡ್ಡಿ ತೆಗೆಯುತ್ತಿದ್ದೆ, ದಿನವೂ ಹೊಸದಾಗಿ ಮಣ್ಣು ಕಲಸಿ ಮೆತ್ತುತ್ತಿದ್ದೆ. ಕೂದಲೆಳೆಯಷ್ಟು ಬಿರುಕೂ ಬಿಡದಂತೆ ಮೆತ್ತುತ್ತಿದ್ದೆ. ಕೆಲಸದಲ್ಲಿ ಅಷ್ಟು ಚೊಕ್ಕ ನಾನು ಹಿಂದೆಂದೂ ಇರಲಿಲ್ಲ.

ಈಗ ತುಂಗವ್ವನ ವಿಷಯ ಹೇಳಬೇಕು. ಅಡಿವೆಪ್ಪನವರ ಕೊನೆಯ ಮಳಿಗೆಯಲ್ಲಿ ಅವಳ ಇಸ್ತ್ರಿ ಅಂಗಡಿ. ಇದ್ದಿಲು ತುಂಬುವ ದೊಡ್ಡ ಹಿತ್ತಾಳೆ ಇಸ್ತ್ರಿಪೆಟ್ಟಿಗೆ. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದು ಐದು ತಿಂಗಳು ಅದನ್ನು ಎತ್ತಲಾಗದೆ ಕೂತಿದ್ದಳು. ಐದು ತಿಂಗಳ ಬಾಡಿಗೆ ಬಾಕಿ. ಬೆಂಕಿ ಹೋಗುವ ಎರಡು ದಿನ ಮುಂಚೆ ಅಡಿವೆಪ್ಪನವರು ನಡುಪೇಟೆಯಲ್ಲಿ ನಿಂತು ಹೇಳಿಬಿಟ್ಟಿದ್ದರು: "ಒಂದನೇ ತಾರೀಖಿಗೆ ನೀ ಹೊರಗ. ಇಲ್ಲಂದ್ರ ನನ್ನ ಹೆಸರು ಅಡಿವೆಪ್ಪ ಅಲ್ಲ." ಅವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ಊರು ಕಂಡಿಲ್ಲ. ಒಮ್ಮೆ ಯಾವುದೋ ಮದುವೆಯಲ್ಲಿ ಸಿಹಿ ತಿನ್ನುವುದಿಲ್ಲ ಎಂದಿದ್ದಕ್ಕೆ ಹದಿನೇಳು ವರ್ಷ ತಿಂದಿರಲಿಲ್ಲ. ಒಂದನೇ ತಾರೀಖು ಬರುವ ಮೊದಲು ಬೆಂಕಿ ಹೋಯಿತು. ತುಂಗವ್ವ ಉಳಿದಳು. ನನ್ನ ಕಡ್ಡಿ ಹತ್ತಿದ ಮರುದಿನ ಅವಳು ಹೊರಗೆ. ಅದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗಷ್ಟೇ ಕೈ ಕೂಡಿಕೊಂಡಿದ್ದರಿಂದ ಮೊದಲ ವಾರ ಅವಳು ಬಯಲಿನಲ್ಲೇ ಮೇಜು ಹಾಕಿ ಇಸ್ತ್ರಿ ಮಾಡಿ ನೋಡಿದಳು. ಸಾವಿರ ಒಲೆಗಳ ಬೂದಿ ಹಾರಿ ಬಿಳಿ ಬಟ್ಟೆಯೆಲ್ಲ ಪಾರಿವಾಳದ ಬಣ್ಣಕ್ಕೆ ತಿರುಗಿತು. ಬಿಟ್ಟಳು. ಊರು ಸುಕ್ಕು ಬಟ್ಟೆಗೆ ಹೊಂದಿಕೊಂಡಿತು. ಸುಕ್ಕು ಅಂಗಿಯಲ್ಲಿ ಅಡಿವೆಪ್ಪನವರು ಅರ್ಧ ಕುಗ್ಗಿದಂತೆ ಕಾಣುತ್ತಿದ್ದರು.

ಬಯಲು ಮಾತ್ರ ಚೆನ್ನಾಗಿತ್ತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಏಕೆಂದರೆ ಅದು ಸಂಕಟದ ಕಾಲ. ಆದರೆ ಯಾರ ಮನೆಯ ಸಾರಿಗೆ ಯಾವ ಮಸಾಲೆ ಎಂಬ ಗುಟ್ಟೆಲ್ಲ ಅಲ್ಲಿ ಬಯಲಾಯಿತು. ಎರಡು ತಲೆಮಾರು ಮಾತು ಬಿಟ್ಟಿದ್ದ ಎರಡು ಮನೆಗಳ ಒಲೆ ಅಕ್ಕಪಕ್ಕ ಬಿದ್ದು, ಒಂದು ದಿನ ಉಪ್ಪು ಕೇಳಬೇಕಾಗಿ ಬಂತು. ಅಡಿವೆಪ್ಪನವರಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ. ಅಡುಗೆಯವಳು ಒಂದೂವರೆ ಮೈಲಿ ನಡೆಯಲಾರೆ ಎಂದು ಬಿಟ್ಟಿದ್ದಳು. ಅವರು ಮೂರು ದಿನ ಅವಲಕ್ಕಿ ನೆನೆಸಿ ತಿಂದು, ನಾಲ್ಕನೇ ದಿನ ಬಯಲಿಗೆ ಬಂದು ಮೂರು ಕಲ್ಲಿಟ್ಟು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು. ಪಕ್ಕದ ಒಲೆ ತುಂಗವ್ವನದು. ಅವಳು ಸ್ವಲ್ಪ ಹೊತ್ತು ನೋಡಿದಳು.

"ಸರೀರಿ ಆ ಕಡೆ," ಎಂದಳು. "ನೋಡಾಕಾಗವಲ್ದು."

ಎರಡು ರೊಟ್ಟಿ, ಒಂದು ಹಿಡಿ ಶೇಂಗಾ ಚಟ್ನಿ, ಮೇಲೆ ಬದನೆಕಾಯಿ ಪಲ್ಯ. ಅವರು ತಲೆ ತಗ್ಗಿಸಿ ತಿಂದರು. ಮರುದಿನವೂ ಬಂದರು. ನನಗೆ ಚಿಂತೆ ಹತ್ತಿತು. ಬಾಡಿಗೆಯನ್ನು ಯಾವ ರೂಪದಲ್ಲೂ ಪಡೆಯುವಂತಿಲ್ಲ ಎಂದು ನಾನೇ ಬರೆದಿದ್ದೆ. ರೊಟ್ಟಿ ಒಂದು ರೂಪವೇ? ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟೆ.

"ಕಾರಕೂನರ," ಎಂದಳು ತುಂಗವ್ವ, ಹಿಟ್ಟಿನ ಕೈಯಿಂದ ಹಣೆ ಒರೆಸಿಕೊಳ್ಳುತ್ತ, "ಹಸದವ್ರಿಗೆ ಹಾಕಿದ್ದು ರೊಟ್ಟಿ ಅಷ್ಟ. ನಿಮಗೂ ಹಾಕ್ತೀನಿ, ಕುಂದರ್ರಿ. ನಿಮ್ಮ ಮಳಿಗಿ ಏನು ನಾ ಬಾಡಿಗಿ ಹಿಡದೀನಿ?"

ಕುಳಿತು ತಿಂದೆ. ರೊಟ್ಟಿ ಬಾಡಿಗೆಯಲ್ಲ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ನಲವತ್ತಾರನೆಯ ದಿನದ ಬೆಳಿಗ್ಗೆ ನಾನು ಎಂದಿನಂತೆ ಮೆಟ್ಟಿಲಿಗೆ ಬಂದೆ. ಆ ಹೊತ್ತಿಗೆ ಸಾಕ್ಷಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ಇದು ನನಗೆ ಹೆಮ್ಮೆ ತಂದಿತ್ತು, ಈಗ ನಾಚಿಕೆ ತರುತ್ತದೆ. ಕಡ್ಡಿ ಗೀರಿದೆ. ಹತ್ತಲಿಲ್ಲ. "ಹತ್ತಲಿಲ್ಲ," ಎಂದರು ಎಲ್ಲರೂ, ಶಾಲೆಯ ಮಕ್ಕಳು ಮಗ್ಗಿ ಹೇಳಿದಂತೆ. ಮೀರಾಸಾಬ ದೊಡ್ಡ ನಿಟ್ಟುಸಿರು ಬಿಟ್ಟ. ಅಡಿವೆಪ್ಪನವರು, "ಪಾಪ, ಜನ ಏನ್ ಮಾಡಬೇಕು," ಎಂದು ತಿರುಗಿ ಮೆಟ್ಟಿಲಿಳಿದರು. ಆಗ ಅವರ ಬೆನ್ನು ನನ್ನ ಕಣ್ಣಿಗೆ ಬಿತ್ತು. ಅಂಗಿ ಗರಿಗರಿಯಾಗಿತ್ತು. ತೋಳಿನ ಮಡಿಕೆ ಚಾಕುವಿನ ಅಂಚಿನಂತಿತ್ತು. ಬೂದಿಯ ಒಂದು ಕಣವೂ ಇರಲಿಲ್ಲ.

"ಅಂಗಿ ಭಾರಿ ಐತಲ್ರಿ," ಎಂದೆ.

"ಹಾಸಿಗಿ ಕೆಳಗ ಮಡಚಿ ಇಟ್ಟಿದ್ದೆ," ಎಂದರು, ನಿಲ್ಲದೆ.

ನಾನು ನಂಬಿದೆ. ನಂಬಿ ಇನ್ನೂ ಎರಡು ಹೆಜ್ಜೆ ನೋಡಿದೆ. ಅಂಗಿಯ ಹಿಂಭಾಗದಲ್ಲಿ, ಸೊಂಟದ ಕೆಳಗೆ, ಹೆಬ್ಬೆರಳಿನಷ್ಟು ಕಂದು ಕಲೆಯಿತ್ತು. ಇಸ್ತ್ರಿ ಒಂದು ಕ್ಷಣ ಹೆಚ್ಚು ನಿಂತರೆ ಬೀಳುವ ಕಲೆ. ಹಾಸಿಗೆಗೆ ಬಟ್ಟೆ ಸುಡಲು ಬರುವುದಿಲ್ಲ.

ಏನು ಮಾಡಬೇಕೋ ತೋಚದೆ ಭೀಮಸೇನ ಮಾಸ್ತರರ ಮನೆಗೆ ಹೋದೆ. ಅವರಿಗೆ ಈಗ ವಯಸ್ಸಾಗಿದೆ. ಸಂಜೆ ಶಾಲೆ ಸಂಬಳದ ಶಾಲೆಯಲ್ಲ. ಮನೆಯ ಮುಂದಿನ ಕೋಣೆಯನ್ನು ಒಬ್ಬ ಬ್ಯಾಂಡಿನವನಿಗೆ ಕೊಟ್ಟಿದ್ದಾರೆ, ಅದರ ಬಾಡಿಗೆಯೇ ಅವರ ಗಳಿಕೆಯೆಲ್ಲ. ಬಾಡಿಗೆ ನಿಂತಾಗಿನಿಂದ ಅವರು ಬಯಲಿನ ಒಲೆಗಳ ಮುಂದೆ ಹೋಗುವುದಕ್ಕೆ ಸಂಕೋಚಪಟ್ಟು ಒಂದು ಹೊತ್ತು ಉಣ್ಣುತ್ತಿದ್ದರು. ಹೊಟ್ಟೆ ಕರಗಿ ಅವರ ಧೋತರದ ಗಂಟು ದಿನದಿಂದ ದಿನಕ್ಕೆ ಒಳಗೆ ಸರಿದದ್ದನ್ನು ನಾನು ಕಂಡಿದ್ದೆ. ಬೆಂಕಿ ಮರಳಿದ್ದೇ ನಿಜವಾದರೆ, ನಾನು ಸುಮ್ಮನಿದ್ದ ಪ್ರತಿದಿನವೂ ಅವರ ತಟ್ಟೆಯಿಂದ ಹೋಗುತ್ತಿತ್ತು.

ವಿಷಯವನ್ನು ನೇರವಾಗಿ ಹೇಳದೆ, ಒಬ್ಬ ಮನುಷ್ಯ, ಒಂದು ಅಂಗಿ ಎಂದೇನೋ ಸುತ್ತಿ ಬಳಸಿ ಹೇಳಿದೆ. ಮಾಸ್ತರರು ಕೇಳುತ್ತ ಒಳಗೆ ಹೋಗಿ ಒಂದು ಲೋಟ ಚಹಾ ತಂದಿಟ್ಟರು. ನಾನು ಮಾತಿನ ಭರದಲ್ಲಿ ಎತ್ತಿ ಗುಟುಕರಿಸಿದೆ. ನಾಲಿಗೆ ಸುಟ್ಟಿತು. ಗಡಿಗಲ್ಲಿನಿಂದ ಒಂದೂವರೆ ಮೈಲಿ ನಡೆದು ಬಂದ ಚಹಾ ನಾಲಿಗೆ ಸುಡುವುದಿಲ್ಲ. ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಬಾಯಿ ಸುಟ್ಟಿತೇನಪಾ?"

"ಇಲ್ರಿ ಸರ."

"ಹಂಗಾರ ಕುಡಿ."

ಕುಡಿದೆ. ಕೊನೆಗೆ ಕೇಳಿದೆ, "ನಾ ಏನು ಮಾಡಬೇಕ್ರಿ ಸರ?"

"ನನ್ನ ಕೇಳಬ್ಯಾಡ," ಎಂದರು. "ಬರಿ ಅಂದ್ರ ನನ್ನ ಬಾಡಿಗಿ ಸಲುವಾಗಿ ಅಂದಂಗ ಆಗ್ತದ. ಬರೀಬ್ಯಾಡ ಅಂದ್ರ ನಾ ನಿನಗ ಕಲಿಸಿದ್ದೆಲ್ಲಾ ಹೊಳ್ಳಿ ಇಸಗೊಂಡಂಗ ಆಗ್ತದ. ಇನ್ನಷ್ಟು ಹಾಕ್ಲೇನು ಚಹಾ?"

ಕೋಣೆಗೆ ಮರಳಿದೆ. ಗೂಡಿನಲ್ಲಿ ನನ್ನ ಸ್ವಂತದ ಕಡ್ಡಿಪೆಟ್ಟಿಗೆ ಒಂದಿತ್ತು. ನಲವತ್ತಾರು ದಿನ ಅದನ್ನು ಮುಟ್ಟಿರಲಿಲ್ಲ. ಪುರಸಭೆಯ ಕಡ್ಡಿ ಹತ್ತದಿರುವಾಗ ಪುರಸಭೆಯ ನೌಕರ ಕೋಣೆಯಲ್ಲಿ ಕೂತು ತನ್ನ ಕಡ್ಡಿ ಗೀರಿ ನೋಡುವುದು ಸಂಸ್ಥೆಯ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಅಂದುಕೊಂಡಿದ್ದೆ. ಗೀರಿದೆ. ಚುರ್ರೆಂದು ಹತ್ತಿತು. ಎಷ್ಟು ಚೆಂದ ಉರಿಯಿತೆಂದರೆ ಬೆರಳು ಸುಡುವ ತನಕ ನೋಡುತ್ತ ನಿಂತೆ. ಆಮೇಲೆ ಗಡಿಗೆಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದೆ. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳು. ಕಡ್ಡಿಪೆಟ್ಟಿಗೆಗಳು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿದ್ದವು. ದಿನವೂ ಹೊಸ ಹಸಿಮಣ್ಣು, ದಿನವೂ ಬಿಗಿಯಾದ ಮುಚ್ಚಳ. ಬೆಂಕಿಯನ್ನು ಕೊನೆಯ ತನಕ ತಡೆದಿದ್ದವನು ನಾನು.

ಊರಿಗೆಲ್ಲ ಗೊತ್ತಿತ್ತು. ಬಯಲಿನಲ್ಲಿ ಒಲೆಗಳು ಏಕೆ ಕಡಿಮೆಯಾಗಿದ್ದವು, ಜನ ಬುತ್ತಿ ಕಟ್ಟಿಕೊಂಡು ಬಂದು ಅಲ್ಲಿ ಬಿಸಿ ಮಾಡಿದಂತೆ ಮಾಡಿ ಏಕೆ ತಿನ್ನುತ್ತಿದ್ದರು, ಕುಲುಮೆಯ ಬಾಗಿಲು ಹಗಲು ಹೊತ್ತು ಏಕೆ ಮುಚ್ಚಿತ್ತು, ಒಂದೊಂದಾಗಿ ಅರ್ಥವಾಯಿತು. ಪ್ರತಿದಿನ ಒಂಬತ್ತಕ್ಕೆ ಬಂದು ಅಷ್ಟು ಗಂಭೀರವಾಗಿ ನಿಲ್ಲುತ್ತಿದ್ದರಲ್ಲ. ಗೊತ್ತಾದರೆ ಬರೆದುಬಿಡುತ್ತಾನೆ ಎಂದು ನನ್ನೊಬ್ಬನಿಂದ ಮುಚ್ಚಿಟ್ಟಿದ್ದರು. ಬೇಸರಪಡಬೇಕೋ, ನನ್ನ ಪ್ರಾಮಾಣಿಕತೆಯ ಮೇಲೆ ಅಷ್ಟು ನಂಬಿಕೆಯಿದೆಯೆಂದು ಸಂತೋಷಪಡಬೇಕೋ ತಿಳಿಯಲಿಲ್ಲ.

ಸಂಜೆಗೆ ಮುಂಚೆ ತುಂಗವ್ವನ ಅಂಗಡಿಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ನನ್ನ ಕೆಮ್ಮು ಕೇಳಿ ಒಳಗೆ ಏನೋ ಲೋಹದ ಸದ್ದಾಯಿತು. ಹೋದಾಗ ಅವಳು ಒಂದು ಬಿದಿರಿನ ಬುಟ್ಟಿಯನ್ನು ಕವುಚಿ ಅದರ ಪಕ್ಕ ಕೂತಿದ್ದಳು. ಬುಟ್ಟಿಯ ಸಂದುಗಳಿಂದ ಸಣ್ಣಗೆ ಬಿಸಿಗಾಳಿ ಏಳುತ್ತಿತ್ತು. ಗಂಜಿ ಹಾಕಿದ ಬಟ್ಟೆಯ ವಾಸನೆ.

"ಅದು ಕೋಳಿ," ಎಂದಳು.

"ಸುಟ್ಟೀತು, ತಗೀರಿ," ಎಂದೆ.

ಅವಳು ಬುಟ್ಟಿ ಎತ್ತಿ ಇಸ್ತ್ರಿಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟಳು. ಇಬ್ಬರೂ ಅದನ್ನು ನೋಡುತ್ತ ನಿಂತೆವು.

"ಯಾವಾಗಿಂದ?"

"ಅದೆಲ್ಲಾ ಕೇಳಬ್ಯಾಡ್ರಿ. ನಾಳೆ ಬರೀತೀರಿ?"

ಮಾಸ್ತರರ ಧೋತರದ ಗಂಟಿನ ವಿಷಯ ಹೇಳಿದೆ. ನನ್ನ ಹಸಿಮಣ್ಣಿನ ವಿಷಯ ಹೇಳಿದೆ. ಅವಳು ನಗಲು ಶುರುಮಾಡಿದಳು.

"ಅಯ್ಯ ನನ್ನಪ್ಪ, ನೀವ ತೋಯಿಸಿದ್ದಾ ಕಡ್ಡಿ? ನಾವೆಲ್ಲಾ ದೇವರು ಕಣ್ಣ ತೆರದಾನಂತ ತಿಳದಿದ್ವಿ." ಕಣ್ಣೊರೆಸಿಕೊಂಡಳು. "ಬರೀರಿ. ಆ ಹಿರ್ಯಾ ಒಪ್ಪತ್ತು ಉಣ್ಣೂದು ನನಗೂ ಗೊತ್ತಿರಲಿಲ್ಲ. ಬರೀರಿ ಕಾರಕೂನರ. ಈ ಕೈ ಈಗ ಸುದ್ದಾಗೈತಿ, ಎಲ್ಲೆರೆ ಒಂದು ಕಟ್ಟಿ ಸಿಗತೈತಿ. ಇಂಥಾ ಪ್ಯಾಟಿ ನಡು ಸಿಗಾಂಗಿಲ್ಲ, ಅಷ್ಟ."

ಇಂಥ ಪೇಟೆ ನಡುವೆ ಸಿಗದಿದ್ದರೆ ಗಿರಾಕಿಗಳೂ ಸಿಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊರಡುವಾಗ ನನ್ನ ಸುಕ್ಕು ಅಂಗಿ ನೋಡಿ, "ಬಿಚ್ಚಿಕೊಡ್ರಿ, ಒಂದು ಕೈ ಎಳದುಬಿಡ್ತೀನಿ. ನಾಳೆ ಮಂದಿ ಮುಂದ ನಿಂದರಾವ್ರು," ಎಂದಳು. ಬೇಡವೆಂದೆ. ಅದು ಲಂಚವಾದೀತೆಂಬ ಹೆದರಿಕೆ.

ಮರುದಿನ ಒಂಬತ್ತಕ್ಕೆ ಮುಂಚೆ ಒಂದು ಸಮಸ್ಯೆ ಬಗೆಹರಿಸಬೇಕಿತ್ತು. ಕಡ್ಡಿ ಪುರಸಭೆಯದೇ ಆಗಿರಬೇಕು, ನನ್ನದಾಗಿರಬಾರದು. ಒಂದು ರಸೀದಿ ಬರೆದೆ: ಒಂದು ಕಡ್ಡಿಪೆಟ್ಟಿಗೆ, ಮೂವತ್ತೊಂದು ಕಡ್ಡಿಗಳುಳ್ಳದ್ದು, ಪುರಸಭೆಗೆ ದಾನವಾಗಿ ಬಂದಿದೆ. ಕೊಟ್ಟವನ ಜಾಗದಲ್ಲಿ ರುಜು ಹಾಕಿದೆ. ಸುತ್ತ ಯಾರೂ ಇಲ್ಲದ್ದರಿಂದ ಪಡೆದವನ ಜಾಗದಲ್ಲೂ ನಾನೇ ಹಾಕಿದೆ. ಆಮೇಲೆ ಮೆಟ್ಟಿಲಿಗೆ ಬಂದು, ಜನರನ್ನು ನೋಡದೆ, ಗಡಿಗೆಯ ಕಡ್ಡಿಗಳು ಹಸಿಯಾಗಿವೆ, ತಪ್ಪು ನನ್ನದು ಎಂದು ಹೇಳಿದೆ.

ಹಿಂದಿನ ಸಾಲಿನವರು ಕತ್ತು ಚಾಚಿದರು.

"ಹಸಿ ಇದ್ರ ಇರ್ಲಿ ಬಿಡ್ರಿ," ಎಂದ ಮೀರಾಸಾಬ. "ನಾವೇನ್ ಕಡ್ಡಿಗೆ ಬೈದೀವಾ?"

"ಹೊಸ ಕಡ್ಡಿ ಖರೀದಿ ಮಾಡಬೇಕಂದ್ರ ಮೂರು ಕಡೆ ದರಪಟ್ಟಿ ತರಸಬೇಕು," ಎಂದರು ಗೌರಾಬಾಯಿ, ಬೇಗಬೇಗ. "ಹದಿನೈದು ದಿನದ ಕೆಲಸ ಅದು. ಅವಸರ ಯಾಕ?"

ನಾನು ರಸೀದಿ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು, ತಲೆ ಕೆಳಗೆ ಮಾಡಿಯೂ ನೋಡಿದರು, ಲೋಪ ಸಿಗಲಿಲ್ಲ. ನಾನು ಕಡ್ಡಿ ಗೀರಿದೆ. ಹತ್ತಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಆಗಬೇಕಿತ್ತೆಂದು ನೆನಪಾಗಿ ಹಿಂದಿನ ಸಾಲಿನ ಯಾರೋ, "ಅರೆ, ಬೆಂಕಿ," ಎಂದರು. ತಡವಾಗಿತ್ತು.

ಎಲ್ಲರ ಕಣ್ಣೂ ಅಡಿವೆಪ್ಪನವರ ಕಡೆ ಹೋಯಿತು. ತುಂಗವ್ವ ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಅಡಿವೆಪ್ಪನವರು ಮೆಟ್ಟಿಲು ಹತ್ತಿ ಬಂದರು. ಅಂಗಿಯ ಗುಂಡಿ ಒಮ್ಮೆ ಮುಟ್ಟಿಕೊಂಡರು.

"ಕಾರಕೂನ, ನನ್ನ ಮ್ಯಾಲೆ ಒಂದು ತಕರಾರು ಬರಿ," ಎಂದರು. "ಬಾಡಿಗಿ ನಿಂತಾಗ ನಾ ಬಾಡಿಗಿ ತಗೊಂಡೀನಿ."

ಪುಸ್ತಕ ನನ್ನ ಕೈಯಿಂದ ಜಾರಿತು. "ಯಾರ ಕಡಿಂದ್ರಿ?"

"ಅಕಿ ಕಡಿಂದ. ಹದಿನಾಲ್ಕು ಅಂಗಿ ಇಸ್ತ್ರಿ ಮಾಡಿಸಿಗೊಂಡೀನಿ. ಒಂದು ಪೈ ಕೊಟ್ಟಿಲ್ಲ. ಬರಿ."

"ಸುಳ್ಳು," ಎಂದಳು ತುಂಗವ್ವ. ಈಗ ಅವಳೂ ಮೆಟ್ಟಿಲ ಬಳಿ ಬಂದಿದ್ದಳು. "ಅದು ಬಾಡಿಗಿ ಅಲ್ರಿ. ಮುದುಡಿದ ಅಂಗ್ಯಾಗ ನೋಡಾಕಾಗಲಿಲ್ಲ, ಸುಮ್ಮನ ಮಾಡಿಕೊಟ್ಟೆ. ಅವರದೇನೂ ತಪ್ಪಿಲ್ಲ."

"ನೀ ಸುಮ್ನಿರು," ಎಂದರು ಅಡಿವೆಪ್ಪನವರು, ಹಲ್ಲು ಕಚ್ಚಿ.

"ಯಾಕ ಸುಮ್ನಿರಲಿ? ನನ್ನ ಸಲುವಾಗಿ ನೀವ್ಯಾಕ ದಂಡ ಕಟ್ಟಬೇಕು?"

"ನಾ ಕಟ್ಟತೀನಿ, ನಿನಗೇನು?"

"ನನ್ನ ಇಸ್ತ್ರಿ. ನನಗ ಗೊತ್ತಿಲ್ಲೇನು ಯಾತಕ್ಕ ಮಾಡೀನಂತ?"

ಜನ ಕೂತುಕೊಂಡರು. ಮೀರಾಸಾಬ ಅಂಗಡಿಯಿಂದ ಕಿಟ್ಲಿ ತರಿಸಿದ. ಅದು ಕುದಿಯುತ್ತಿತ್ತು, ಈಗ ಯಾರಿಗೂ ಮುಚ್ಚಿಡುವ ಅಗತ್ಯವಿರಲಿಲ್ಲ. ಒಬ್ಬರು ತಪ್ಪು ಮಾಡಿದ್ದೇನೆಂದು ಹಟ ಹಿಡಿದಿದ್ದಾರೆ, ಇನ್ನೊಬ್ಬಳು ಮಾಡಿಲ್ಲವೆನ್ನುತ್ತಾಳೆ. ಅಡಿವೆಪ್ಪನವರು ನನ್ನನ್ನೇ ದಿಟ್ಟಿಸುತ್ತಿದ್ದರು. ಆ ನೋಟದಲ್ಲಿ ಕೋಪವಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ದಾಟಿಸುವವನ ನೋಟವಿತ್ತು. ಆಗ ನೆನಪಾಯಿತು. ಆ ಖಾಲಿ ಅಂಗಳಕ್ಕೆ ನಾನು ಓದಿದ ಐದನೆಯ ಕಲಮನ್ನು ಕೇಳಿಸಿಕೊಂಡವರು ಒಬ್ಬರಿದ್ದರು. ಆ ದಿನ ಅವರು ಕಂಬಕ್ಕೆ ಒರಗಿ ನಿಂತಿದ್ದರು, ಬಾಡಿಗೆ ನಿಂತ ಸಿಟ್ಟಿನಲ್ಲಿ ಮನೆಗೆ ಹೋಗಲೂ ಮನಸ್ಸಾಗದೆ.

"ಮೊದಲು ಕಲಮು ಓದತೀನಿ," ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು. ಓದಿದೆ: ಬಾಡಿಗೆ ತಡೆದಿರುವ ಕಾಲದಲ್ಲಿ ಹಣ, ಕಾಳು, ಕೆಲಸ ಇತ್ಯಾದಿ ಯಾವುದೇ ರೂಪದಲ್ಲಿ ಬಾಡಿಗೆ ಪಡೆದ ಮಾಲೀಕನು, ಅದನ್ನು ಕೊಟ್ಟ ಬಾಡಿಗೆದಾರರನ್ನು, ಹಳೆಯ ಬಾಕಿ ಏನೇ ಇದ್ದರೂ, ಒಂದು ವರ್ಷದ ತನಕ ಆ ಜಾಗದಿಂದ ಏಳಿಸತಕ್ಕದ್ದಲ್ಲ, ಏಳಿಸುವೆನೆಂದು ಮೊದಲೇ ಹೇಳಿದ್ದರೂ ಆ ಮಾತು ಪುರಸಭೆಯ ಮುಂದೆ ನಿಲ್ಲತಕ್ಕದ್ದಲ್ಲ.

ಮೀರಾಸಾಬ ಸುರಿಯುತ್ತಿದ್ದ ಚಹಾ ಲೋಟ ತುಂಬಿ ಹೊರಗೆ ಚೆಲ್ಲಿತು.

"ಕೇಳಿಸ್ತಾ?" ಎಂದರು ಅಡಿವೆಪ್ಪನವರು ಸಭೆಗೆ. "ನಾ ಆಡಿದ್ದ ಮಾತು ಹಿಂದಕ್ಕ ತಗೊಳ್ಳಾಕ ಹತ್ತಿಲ್ಲ. ತಗೊಳ್ಳೂದೂ ಇಲ್ಲ. ಪುರಸಭೆ ನನ್ನ ಕೈ ಕಟ್ಟಿದ್ರ ನಾ ಏನು ಮಾಡ್ಲಿ."

ತುಂಗವ್ವ ನೆಲ ನೋಡುತ್ತ ನಿಂತಳು. ತುಟಿ ಬಿಗಿಹಿಡಿದಿದ್ದಳು, ನಗು ತಡೆಯಲೆಂದೋ ಬೇರೆ ಯಾತಕ್ಕೋ.

"ತುಂಗವ್ವ," ಎಂದೆ, "ಪುಸ್ತಕದಾಗ ಬರೀಬೇಕು. ನೆನಪು ಮಾಡಿಕೊಂಡು ಖರೇ ಹೇಳ್ರಿ. ಆ ಅಂಗಿ ಯಾತಕ್ಕ ಇಸ್ತ್ರಿ ಮಾಡಿದ್ರಿ?"

ಅವಳು ತಲೆ ಎತ್ತಿದಳು. "ಬಾಡಿಗಿಗೆ," ಎಂದಳು. ಆಮೇಲೆ ಸೇರಿಸಿದಳು, "ಹದಿನೈದು ಅಂಗಿ. ಅವರಿಗೆ ಲೆಕ್ಕ ಬರಂಗಿಲ್ಲ."

"ಹದಿನಾಲ್ಕು," ಎಂದರು ಅಡಿವೆಪ್ಪನವರು.

"ಸುಟ್ಟಿದ್ದನ್ನ ಬಿಟ್ಟೀರಿ."

"ಸುಟ್ಟಿದ್ದಕ್ಕ ನಾ ಯಾಕ ಬಾಡಿಗಿ ಹಿಡೀಲಿ?"

ಗೌರಾಬಾಯಿ ಕಂಬ ಕುಟ್ಟಿ ಹದಿನಾಲ್ಕು ಎಂದು ತೀರ್ಪು ಕೊಟ್ಟರು. ನಾನು ಬರೆದೆ. ಬೆಂಕಿ ಯಾವ ದಿನ ಮರಳಿತೆಂದು ವಿಚಾರಣೆ ಮಾಡಬೇಕೆಂದು ಒಬ್ಬ ಸದಸ್ಯರು ಎದ್ದರು. ಹಾಗಾದರೆ ಯಾರು ಯಾರು ಮೊದಲು ಒಲೆ ಹಚ್ಚಿದಿರಿ, ಕೈ ಎತ್ತಿ ಎಂದು ಗೌರಾಬಾಯಿ ಕೇಳಿದರು. ಆ ಸದಸ್ಯರೂ ಕೂತರು. ಬೆಂಕಿ ಆ ದಿನವೇ, ಒಂಬತ್ತು ಗಂಟೆಗೆ ಮರಳಿತೆಂದು ಠರಾವಾಯಿತು.

ಮಾಸ್ತರರ ಬ್ಯಾಂಡಿನವನು ಮೊದಲ ಬಾಡಿಗೆಯನ್ನು ಕೊಂಬು ಊದುತ್ತ ಹೋಗಿ ಕೊಟ್ಟ. ಧೋತರದ ಗಂಟು ಹಳೆಯ ಜಾಗಕ್ಕೆ ಬಂದಿದೆ. ತುಂಗವ್ವ ಅದೇ ಮಳಿಗೆಯಲ್ಲಿದ್ದಾಳೆ, ಹಳೆಯ ಬಾಕಿಯನ್ನು ತಿಂಗಳಿಗಿಷ್ಟೆಂದು ತೀರಿಸುತ್ತಿದ್ದಾಳೆ. ವರ್ಷ ತುಂಬಿದ ಮರುದಿನ ಅಡಿವೆಪ್ಪನವರು ಅಂಗಿಗಳ ಗಂಟು ಹಿಡಿದು ಅವಳ ಅಂಗಡಿಯಲ್ಲಿ ಕೂತಿದ್ದನ್ನು ಕಂಡೆ. ಒಂದನೇ ತಾರೀಖೆಂದು ತಾವು ಹೇಳಿದ್ದು ಹೋದ ವರ್ಷದ ಮಾತು, ಆ ತಾರೀಖು ಮುಗಿದುಹೋಯಿತು ಎನ್ನುತ್ತಿದ್ದರು. ಅವಳೀಗ ಅಂಗಿಗೆ ದುಡ್ಡು ತೆಗೆದುಕೊಳ್ಳುತ್ತಾಳೆ. ನಾನು ಹೇಳಿದ್ದರಿಂದ ಇಬ್ಬರೂ ರಸೀದಿ ಬರೆದುಕೊಳ್ಳುತ್ತಾರೆ. ತಿಂಗಳಿಗೊಂದು ಭಾನುವಾರ ಜನ ಯಾವ ಕಾರಣವೂ ಇಲ್ಲದೆ ಒಲೆಗುಂಡು ಹೊತ್ತು ಗಡಿಗಲ್ಲಿನಾಚೆ ಹೋಗುತ್ತಾರೆ. ನನ್ನನ್ನೂ ಕರೆಯುತ್ತಾರೆ, ಒಲೆ ಹಚ್ಚುವ ಕೆಲಸ ನನ್ನದು. ಪುರಸಭೆಯ ಕಡ್ಡಿಗಳನ್ನು ಈಗ ಅರಗಿನಿಂದ ಮೊಹರು ಮಾಡಿ ಒಣ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ನಾನು ಬರೆದದ್ದೆಲ್ಲ ಕಂಡದ್ದು. ಬೆಂಕಿ ಯಾವ ದಿನ ಮರಳಿತೋ ಗೊತ್ತಿಲ್ಲ. ಯಾರ ಒಲೆ ಮೊದಲು ಹತ್ತಿತೋ, ಅವರು ಪಕ್ಕದವರಿಗೆ ಏನೆಂದು ಹೇಳಿದರೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ನಾನು ಕಲಮನ್ನು ಮೊದಲು ಓದಿ ಪ್ರಶ್ನೆಯನ್ನು ಆಮೇಲೆ ಕೇಳಿದ್ದು ಸರಿಯೋ, ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತೋ, ಅದನ್ನೂ ಈವರೆಗೆ ತೀರ್ಮಾನಿಸಲಾಗಿಲ್ಲ. ಆ ಹದಿನಾಲ್ಕು ಅಂಗಿಗಳನ್ನು ಅವಳು ನಿಜವಾಗಿ ಯಾತಕ್ಕೆ ಇಸ್ತ್ರಿ ಮಾಡಿದಳೆಂಬುದು ನನಗೆ ಗೊತ್ತಿಲ್ಲ.